ಹೋಗುವ ಗಾಳಿ, ಬರಬಾರದ ಗಾಳಿ

ಟರ್ಬೊ ಇರುವ ಪೆಟ್ರೋಲ್ ಕಾರು ಮೂರನೇ ಗೇರಿನಲ್ಲಿ ಜೋರಾಗಿ ಎಳೆಯುತ್ತಿರುವಾಗ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಬಾನೆಟ್ಟಿನೊಳಗಿಂದ 'ಪ್ಶ್ಶ್' ಎಂದು ಒಂದು ಸದ್ದು ಬರುತ್ತದೆ. ಆ ಸದ್ದಿಗೆ ಮನಸೋತವರಲ್ಲಿ ನಾನೂ ಒಬ್ಬ. ಆದರೆ ಸದ್ದಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದಿಟ್ಟಿರುವುದು ಅದರ ಹಿಂದಿರುವ ಗಾಳಿಯ ಓಡಾಟ. ಕಾಲು ತೆಗೆದ ಕೂಡಲೇ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಟರ್ಬೊದ ಚಕ್ರ ಮಾತ್ರ ಅಷ್ಟು ಬೇಗ ನಿಲ್ಲುವುದಿಲ್ಲ. ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತಿರುವ ಅದು ಗಾಳಿಯನ್ನು ತಳ್ಳುತ್ತಲೇ ಇರುತ್ತದೆ. ಇಂಟರ್‌ಕೂಲರಿನಲ್ಲೂ ಪೈಪುಗಳಲ್ಲೂ ಒತ್ತಿ ತುಂಬಿದ ಗಾಳಿ ಮುಚ್ಚಿದ ಥ್ರಾಟಲಿಗೆ ಬಡಿದು, ಬಂದ ದಾರಿಯಲ್ಲೇ ತಿರುಗಿ, ತನ್ನನ್ನು ತಳ್ಳಿದ ಕಂಪ್ರೆಸರಿನ ರೆಕ್ಕೆಗಳ ಮೇಲೇ ಎರಗುತ್ತದೆ. ಇದಕ್ಕೆ ಸರ್ಜ್ ಅನ್ನುತ್ತಾರೆ. ಪಾರಿವಾಳ ಹಾರಿದಂತೆ ಪಟಪಟ ಸದ್ದು ಕೇಳಿಸುತ್ತದೆ. ಚಕ್ರದ ವೇಗ ಕುಸಿಯುತ್ತದೆ, ಶಾಫ್ಟ್ ಹಿಂದೆಮುಂದೆ ಜಾರದಂತೆ ಹಿಡಿದಿಡುವ ಥ್ರಸ್ಟ್ ಬೇರಿಂಗಿನ ಮೇಲೆ ಏಟು ಬೀಳುತ್ತದೆ. ಹಾಗಾಗದಂತೆ ಆ ಗಾಳಿಗೆ ಒಂದು ಪಕ್ಕದ ಬಾಗಿಲು ತೆರೆದುಕೊಡುವುದೇ ಬ್ಲೋ-ಆಫ್ ವಾಲ್ವಿನ ಕೆಲಸ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಟರ್ಬೊದ ಕಲ್ಪನೆಗೆ ಪೇಟೆಂಟ್ ಪಡೆದರು. ಸೈಲೆನ್ಸರಿನಿಂದ ವ್ಯರ್ಥವಾಗಿ ಹೋಗುವ ಹೊಗೆಯ ಬಲದಿಂದಲೇ ಎಂಜಿನ್ನಿಗೆ ಹೆಚ್ಚು ಗಾಳಿ ಉಣಿಸಬೇಕೆಂಬ ಹಂಬಲ ಅದು. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಒಂದು ವಿಮಾನದ ಎಂಜಿನ್ನನ್ನು ಟರ್ಬೊ ಸಮೇತ 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದರು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಸೊರಗುತ್ತದೆ. ಆ ಕೊರತೆಯನ್ನು ತುಂಬಲು ಟರ್ಬೊ ಬೇಕಾಗಿತ್ತು. ಷೋರೂಮಿನಲ್ಲಿ ಸಿಗುವ ಕಾರಿಗೆ ಅದು ಬಂದದ್ದು 1962ರಲ್ಲಿ, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮೂಲಕ. ಎತ್ತರಕ್ಕೂ ಟರ್ಬೊಗೂ ಇರುವ ಈ ಹಳೆಯ ನಂಟು ನನ್ನ ಕಾರಿನಲ್ಲಿ ಇನ್ನೊಂದು ಬಗೆಯಲ್ಲಿ ಎದುರಾಯಿತು.

ನಮ್ಮ ರಸ್ತೆಗಳಲ್ಲಿ ಟರ್ಬೊ ಹೊಸದಲ್ಲ. ಘಾಟಿ ಹತ್ತುವ ಲಾರಿ, ಬಸ್ಸುಗಳ ಸಿಳ್ಳೆ ಕೇಳಿಯೇ ನಾವೆಲ್ಲ ಬೆಳೆದದ್ದು. ಅವೆಲ್ಲ ಡೀಸೆಲ್. ಡೀಸೆಲ್ ಎಂಜಿನ್ನಿನಲ್ಲಿ ವೇಗವನ್ನು ಹಿಡಿತದಲ್ಲಿಡುವುದು ಇಂಧನದ ಪ್ರಮಾಣ. ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯ ದಾರಿಗೆ ಬಾಗಿಲು ಹಾಕಿ ಅದು ನಡೆಯುವುದಿಲ್ಲ. ಕಾಲು ತೆಗೆದಾಗ ಧಡಾರನೆ ಮುಚ್ಚುವ ಥ್ರಾಟಲ್ ಇಲ್ಲದ ಮೇಲೆ ಗಾಳಿ ಹಿಂದಕ್ಕೆ ಬಡಿಯುವ ಪ್ರಶ್ನೆಯೂ ಬರುವುದಿಲ್ಲ. "ನಮ್ಮ ಡೀಸೆಲ್ ಗಾಡಿಗೂ ಒಂದು ಹಾಕಿಸಬಹುದಾ?" ಎಂದು ಕೇಳುವ ಹುಡುಗರಿಗೆ ನಾನು ಬೇಡ ಎನ್ನುವುದು ಇದೇ ಕಾರಣಕ್ಕೆ. ಅಲ್ಲಿ ಆ ವಾಲ್ವಿಗೆ ಮಾಡಲು ಕೆಲಸವೇ ಇಲ್ಲ.

ನನ್ನದು ಹಳೆಯ ಸ್ಕೋಡಾ ಆಕ್ಟೇವಿಯಾ, 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನದು. ನಾಲ್ಕು ಸಿಲಿಂಡರಿಗೆ ಇಪ್ಪತ್ತು ವಾಲ್ವುಗಳ, 150 ಅಶ್ವಶಕ್ತಿಯ ಆ ಎಂಜಿನ್ನಿನ ಎಳೆತ ಇವತ್ತಿಗೂ ನನಗೆ ಬೇಸರ ತರಿಸಿಲ್ಲ. ಕಾರ್ಖಾನೆಯಿಂದ ಬರುವಾಗ ಅದರಲ್ಲಿ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಇರುವುದಿಲ್ಲ. ಮಿಕ್ಕ ಗಾಳಿಯನ್ನು ಒಂದು ಹೋಸಿನ ಮೂಲಕ ಕಂಪ್ರೆಸರಿನ ಬಾಯಿಗೇ ಮರಳಿಸುವ ಡೈವರ್ಟರ್ ವಾಲ್ವ್ ಇರುತ್ತದೆ. ಸದ್ದು ಹೆಚ್ಚಿರುವುದಿಲ್ಲ, ಕೆಲಸ ಅಚ್ಚುಕಟ್ಟು. ನನಗಿಂತ ಮೊದಲು ಕಾರು ಇಟ್ಟುಕೊಂಡಿದ್ದವರು ಅದನ್ನು ತೆಗೆದು, ಗಾಳಿಯನ್ನು ನೇರವಾಗಿ ಹೊರಗೆ ಉಗುಳುವ ಅಲ್ಯೂಮಿನಿಯಂ ವಾಲ್ವ್ ಕೂರಿಸಿದ್ದರು. ಜೊತೆಗೆ ಏರ್‌ಫಿಲ್ಟರಿನಿಂದ ಟರ್ಬೊಗೆ ಹೋಗುವ ಪೈಪನ್ನೂ ಬದಲಿಸಿದ್ದರು. ಹೊಸ ಪೈಪಿನಲ್ಲಿ ಮರಳುವ ಗಾಳಿಗೆ ಬೇಕಾದ ಕವಲು ಇರಲಿಲ್ಲ. ಹಳೆಯ ವ್ಯವಸ್ಥೆಗೆ ಒಂದೇ ದಿನದಲ್ಲಿ ಹಿಂದಿರುಗುವ ದಾರಿ ಹೀಗೆ ಮುಚ್ಚಿತ್ತು.

ಬೆಂಗಳೂರಿನಲ್ಲಿ ಓಡಿಸುವಾಗ ಕಾರಿನದು ಏನೂ ತಕರಾರಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಟ್ಯಾಕೋಮೀಟರಿನ ಮುಳ್ಳು ಅಲುಗುತ್ತಿರಲಿಲ್ಲ. ಅದೇ ಕಾರು ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಬಂಟ್ವಾಳ ಬರುವ ಹೊತ್ತಿಗೆ ಐಡ್ಲಿಂಗಿನಲ್ಲಿ ಹಂಟಿಂಗ್ ಶುರು ಮಾಡುತ್ತಿತ್ತು: ಮುಳ್ಳು ಇಳಿಯುವುದು, ಎಂಜಿನ್ ಇನ್ನೇನು ಆಫ್ ಆಯಿತು ಅನ್ನುವಾಗ ಮತ್ತೆ ಏರುವುದು. ವಾಪಸು ಘಾಟಿ ಹತ್ತಿ ಹಾಸನದಲ್ಲಿ ಕಾಫಿಗೆ ನಿಲ್ಲಿಸಿದರೆ ಮಾಯ. ಪೆಟ್ರೋಲ್ ಸರಿಯಿಲ್ಲ, ಕರಾವಳಿಯ ತೇವಕ್ಕೆ ಸೆನ್ಸರ್ ಕೆಟ್ಟಿದೆ, ಇಗ್ನಿಷನ್ ಕಾಯಿಲ್ ಹೋಗಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಊರು ಬದಲಾದರೆ ಕಾಯಿಲೆಯೂ ಬದಲಾಗುತ್ತದೆ ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಸುಳಿವಾಗಿತ್ತು.

ಕಾಯಿಲೆ ಹಿಡಿದುಕೊಟ್ಟವರು ಮಂಗಳೂರಿನ ಪಡೀಲ್ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಸ್ಕ್ಯಾನರ್ ಸಿಕ್ಕಿಸಿ ನೋಡಿದರು: ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಐಡ್ಲಿಂಗಿನಲ್ಲಿ ಪೆಟ್ರೋಲನ್ನು ಸೇರಿಸುತ್ತಲೇ ಇತ್ತು, ಅಂದರೆ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲೋ ನುಗ್ಗುತ್ತಿದೆ. ಪೆಟ್ರೋಲ್ ಎಲ್ಲೂ ಜಿನುಗುತ್ತಿಲ್ಲವೆಂದು ಕೈಯಾಡಿಸಿ ಖಚಿತ ಮಾಡಿಕೊಂಡು, ಗೋಡೆಯ ದೇವರ ಪಟದ ಮುಂದೆ ಉರಿಯುತ್ತಿದ್ದ ಊದುಬತ್ತಿಯೊಂದನ್ನು ತಂದರು. ಒಂದೊಂದೇ ಜಾಯಿಂಟಿನ ಬಳಿ ಹಿಡಿದುಕೊಂಡು ಬಂದರು. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಬ್ಲೋ-ಆಫ್ ವಾಲ್ವಿನ ಬಾಯಿಗೆ ಬಂದಾಗ ಅದು ಥಟ್ಟನೆ ಅಡ್ಡಕ್ಕೆ ಬಾಗಿ, ದಾರ ಪೋಣಿಸಿದಂತೆ ಒಳಕ್ಕೆ ಸೇರಿಕೊಂಡಿತು. "ಇದು ಗಾಳಿ ಬಿಡುವ ತೂತು ಅಲ್ವಾ? ಇಲ್ಲಿ ನೋಡಿ, ಎಳೀತಾ ಉಂಟು ಮಾರಾಯ್ರೆ," ಎಂದರು. ಹೊರಗೆ ಹೋಗಬೇಕಾದ ಬಾಗಿಲಿನಿಂದಲೇ ಗಾಳಿ ಒಳಗೆ ಬರುತ್ತಿತ್ತು.

ವಾಲ್ವಿನ ಒಳಗಿರುವುದು ಒಂದು ಪಿಸ್ಟನ್, ಅದನ್ನು ಕೆಳಕ್ಕೆ ಒತ್ತಿ ಹಿಡಿದ ಸ್ಪ್ರಿಂಗ್. ಪಿಸ್ಟನ್ನಿನ ಕೆಳಗೆ ಟರ್ಬೊದಿಂದ ಬರುವ ಪೈಪಿನ ಗಾಳಿ. ಮೇಲಿನ ಕೋಣೆಗೆ, ಥ್ರಾಟಲ್ ಆಚೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಿಂದ ಒಂದು ತೆಳ್ಳನೆ ಹೋಸು. ಎಂಜಿನ್ ಪೂರ್ತಿ ಎಳೆಯುವಾಗ ಕೆಳಗೂ ಮೇಲೂ ಒಂದೇ ಒತ್ತಡ. ಸ್ಪ್ರಿಂಗ್ ಗೆಲ್ಲುತ್ತದೆ, ವಾಲ್ವ್ ಮುಚ್ಚಿರುತ್ತದೆ. ಕಾಲು ತೆಗೆದಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಉಂಟಾಗಿ ಪಿಸ್ಟನ್ ಮೇಲಕ್ಕೆ ಎಳೆಯಲ್ಪಡುತ್ತದೆ, ಕೆಳಗಿನ ಗಾಳಿಯೂ ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ಆದರೆ ಐಡ್ಲಿಂಗಿನಲ್ಲೂ ಥ್ರಾಟಲ್ ಮುಚ್ಚಿಯೇ ಇರುತ್ತದೆ, ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಇದ್ದೇ ಇರುತ್ತದೆ. ಸ್ಪ್ರಿಂಗ್ ಮೆದುವಾಗಿದ್ದರೆ ಪಿಸ್ಟನ್ ಆಗಲೂ ಎದ್ದುಬಿಡುತ್ತದೆ. ಆ ಹೊತ್ತಿಗೆ ಟರ್ಬೊ ಏನೂ ತಳ್ಳುತ್ತಿರುವುದಿಲ್ಲ. ಪೈಪಿನೊಳಗೆ ಹೊರಗಿನದಕ್ಕಿಂತ ಕೊಂಚ ಕಡಿಮೆ ಒತ್ತಡ. ಹಾಗಾಗಿ ತೆರೆದ ಬಾಗಿಲಲ್ಲಿ ಗಾಳಿ ತಿರುಗುಮುರುಗಾಗಿ ಹರಿಯುತ್ತದೆ. ಫಿಲ್ಟರ್ ಹಾದು ಬಂದ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಟರ್ಬೊಗಿಂತ ಮೊದಲೇ ಇರುವುದರಿಂದ, ಈ ಅಡ್ಡದಾರಿಯ ಗಾಳಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಇಸಿಯು ಕಡಿಮೆ ಪೆಟ್ರೋಲ್ ಕೊಡುತ್ತದೆ, ಆಕ್ಸಿಜನ್ ಸೆನ್ಸರ್ ಸಾಲದು ಅನ್ನುತ್ತದೆ, ಇಸಿಯು ಹೆಚ್ಚಿಸುತ್ತದೆ. ಮುಳ್ಳು ಏರಿಳಿಯುವುದು ಈ ಜಗ್ಗಾಟದಿಂದ.

ಮಂಗಳೂರಿನಲ್ಲೇ ಏಕೆ, ಬೆಂಗಳೂರಿನಲ್ಲಿ ಏಕಿಲ್ಲ? ಈ ಲೆಕ್ಕ ಕೂತು ಮಾಡಿದಾಗ ನನಗಾದ ಸಂತೋಷ ಸಣ್ಣದಲ್ಲ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಬೆಂಗಳೂರು 900 ಮೀಟರಿಗೂ ಮೇಲಿದೆ, ಅಲ್ಲಿ ಸುಮಾರು 91. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನೊಳಗೆ ಉಳಿಯುವ ಒತ್ತಡ ಮಾತ್ರ ಯಾವ ಊರಾದರೂ ಹೆಚ್ಚುಕಡಿಮೆ ಅಷ್ಟೇ, 33 ಎಂದಿಟ್ಟುಕೊಳ್ಳಿ. ಪಿಸ್ಟನ್ನಿನ ಕೆಳಗೂ ಮೇಲೂ ಇರುವ ವ್ಯತ್ಯಾಸ ಬೆಂಗಳೂರಿನಲ್ಲಿ 58, ಮಂಗಳೂರಿನಲ್ಲಿ 68. ನನ್ನ ಕಾರಿನ ಸ್ಪ್ರಿಂಗ್ ಸೋಲುವ ಹಂತ ಈ ಎರಡರ ನಡುವೆ ಎಲ್ಲೋ ಇತ್ತು. ಘಾಟಿ ಇಳಿಯುತ್ತ ಒತ್ತಡ ಏರಿ, ಒಂದು ತಿರುವಿನಾಚೆ ಸ್ಪ್ರಿಂಗ್ ಸೋಲುತ್ತಿತ್ತು. ಕಾಯಿಲೆಯ ಗಡಿ ಭೂಪಟದ ಮೇಲೆ ಗೆರೆ ಎಳೆದು ತೋರಿಸುವಷ್ಟು ಸ್ಪಷ್ಟ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರಾಯಿತಲ್ಲ ಅನ್ನಬಹುದು. ಮೊದಲು ಎಲ್ಲರೂ ಹೇಳಿದ್ದು ಅದನ್ನೇ, ಅಂಗಡಿಯಲ್ಲಿ ಬೇರೆ ಬೇರೆ ಬಿಗಿಯ ಸ್ಪ್ರಿಂಗುಗಳೂ ಸಿಗುತ್ತವೆ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಿ. ಬೆಂಗಳೂರಿನ ರಸ್ತೆಯಲ್ಲಿ ಹಗುರಾಗಿ, ಟರ್ಬೊ ಸೇರಿಸುವ ಹೆಚ್ಚುವರಿ ಒತ್ತಡ, ಅಂದರೆ ಬೂಸ್ಟ್, 10 ಕಿಲೋಪ್ಯಾಸ್ಕಲ್ ಇರುವಂತೆ ಹೋಗುತ್ತಿರುವಾಗ ಕಾಲು ತೆಗೆದೆವು ಎನ್ನೋಣ. ಪೈಪಿನಲ್ಲಿ 91ಕ್ಕೆ 10 ಸೇರಿ 101, ಮ್ಯಾನಿಫೋಲ್ಡಿನಲ್ಲಿ 33, ವ್ಯತ್ಯಾಸ ಮತ್ತೆ 68. ಮಂಗಳೂರಿನ ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತ ಕಾರೂ, ಬೆಂಗಳೂರಿನಲ್ಲಿ ಗೇರು ಬದಲಿಸುತ್ತಿರುವ ಕಾರೂ ಆ ಪಿಸ್ಟನ್ನಿಗೆ ಒಂದೇ. ಒಂದು ಕಡೆ ಮುಚ್ಚಿಕೊಂಡಿರು, ಇನ್ನೊಂದು ಕಡೆ ತೆರೆದುಕೋ ಎಂದು ಯಾವ ಸ್ಪ್ರಿಂಗಿಗೂ ಹೇಳಿಕೊಡಲಾಗದು. ಗಟ್ಟಿ ಮಾಡಿದರೆ ಐಡ್ಲಿಂಗ್ ಸರಿಹೋಗುತ್ತದೆ, ಊರಿನ ಓಡಾಟದಲ್ಲಿ ಪಟಪಟ ಶುರುವಾಗುತ್ತದೆ. ಒತ್ತಡದಿಂದ ಈ ಎರಡನ್ನೂ ಬೇರ್ಪಡಿಸಲಾಗುವುದಿಲ್ಲ. ಬೇರ್ಪಡಿಸುವುದು ಹರಿವಿನ ದಿಕ್ಕು ಮಾತ್ರ. ಒಂದು ಸಲ ಗಾಳಿ ಹೊರಗೆ ಹೋಗುತ್ತಿದೆ, ಇನ್ನೊಂದು ಸಲ ಒಳಗೆ ಬರುತ್ತಿದೆ. ದಿಕ್ಕನ್ನು ಗುರುತಿಸಬಲ್ಲ ಸಾಮಾನು ಚೆಕ್ ವಾಲ್ವ್.

ತೋಟದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾವಿಯೊಳಗಿನ ಪೈಪಿನ ತುದಿಗೆ ಕೂರುವ ಫುಟ್ ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದರ ಚರ್ಮದ ವಾಷರ್ ಹೋದರೆ ರಾತ್ರಿಯೆಲ್ಲ ನೀರು ಜಾರಿ, ಬೆಳಗ್ಗೆ ಪಂಪು ಗಾಳಿ ಹಿಡಿದು ಕೂರುತ್ತದೆ. ಕೊಡದಲ್ಲಿ ನೀರು ತಂದು ಸುರಿಯಬೇಕು. ನನ್ನ ಕಾರಿಗೆ ಬೇಕಾಗಿದ್ದದ್ದು ಗಾಳಿಯ ಫುಟ್ ವಾಲ್ವು.

ಎಲ್ಲಿ ಹಾಕಬೇಕು ಅನ್ನುವುದರಲ್ಲಿ ತುಂಬ ಜನ ಎಡವುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತಿದರೆ ಬ್ರೇಕ್ ಬೂಸ್ಟರಿನ ಹೋಸಿಗೆ ಹಾಕುವ ಪುಟ್ಟ ಚೆಕ್ ವಾಲ್ವುಗಳು ಎಷ್ಟು ಬೇಕಾದರೂ ಸಿಗುತ್ತವೆ. ಮ್ಯಾನಿಫೋಲ್ಡಿನಿಂದ ಬರುವ ತೆಳ್ಳನೆ ಹೋಸಿಗೆ ಅವು ಸಲೀಸಾಗಿ ಹಿಡಿಯುತ್ತವೆ, ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ. ಅದು ತಪ್ಪು ಜಾಗ, ಯಾವ ಕಡೆ ತಿರುಗಿಸಿ ಹಾಕಿದರೂ ತಪ್ಪು. ಬಾಣದ ಗುರುತು ಮ್ಯಾನಿಫೋಲ್ಡಿನ ಕಡೆಗಿದ್ದರೆ ಮೇಲಿನ ಕೋಣೆಯ ಗಾಳಿ ಹೊರಗೆ ಹೋಗಬಲ್ಲದು, ಒಳಗೆ ಬರಲಾರದು. ಬೂಸ್ಟ್ ಏರಿದಾಗ ಪಿಸ್ಟನ್ನಿನ ಮೇಲೆ ಒತ್ತಡ ಸೇರುವುದಿಲ್ಲ. ಕೆಳಗಿನ ಗಾಳಿ ಪಿಸ್ಟನ್ ಎತ್ತಿ ಸೋರಿಹೋಗುತ್ತದೆ, ಕಾರಿನ ಪಿಕಪ್ ಸತ್ತುಹೋಗುತ್ತದೆ. ಬಾಣ ವಾಲ್ವಿನ ಕಡೆಗಿದ್ದರೆ ಬೂಸ್ಟಿನ ಒತ್ತಡ ಒಳಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಲು ತೆಗೆದಾಗ ಅದು ಖಾಲಿಯಾಗುವುದಿಲ್ಲ, ಪಿಸ್ಟನ್ ಏಳುವುದಿಲ್ಲ, ಬ್ಲೋ-ಆಫ್ ವಾಲ್ವ್ ಇದ್ದೂ ಇಲ್ಲದಂತೆ. ಆ ತೆಳ್ಳನೆ ಹೋಸಿನಲ್ಲಿ ಗಾಳಿ ಎರಡೂ ಕಡೆಗೆ ಓಡಾಡಲೇಬೇಕು. ಎಂಜಿನ್ನಿನ ಸ್ಥಿತಿ ವಾಲ್ವಿಗೆ ತಿಳಿಯುವುದು ಆ ಓಡಾಟದಿಂದಲೇ. ಏಕಮುಖ ಸಂಚಾರ ಬೇಕಿರುವುದು ಗಾಳಿ ಉಗುಳುವ ದೊಡ್ಡ ಬಾಯಿಯಲ್ಲಿ.

ದೊಡ್ಡ ಬಾಯಿಗೆ ಹೊಂದುವ ಚೆಕ್ ವಾಲ್ವ್ ಹುಡುಕುವುದು ಸುಲಭವಲ್ಲ. ಬ್ರೇಕ್ ಬೂಸ್ಟರಿನದು ಬೆರಳು ಗಾತ್ರದ್ದು. ಅದನ್ನು ಅಲ್ಲಿ ತುರುಕಿದರೆ ಗಾಳಿಗೆ ದಾರಿ ಸಾಲದೆ ಸರ್ಜ್ ಮತ್ತೆ ಹಾಜರು. ಹೊರದಾರಿಯ ಒಳವ್ಯಾಸಕ್ಕಿಂತ ಚೆಕ್ ವಾಲ್ವಿನ ದಾರಿ ಒಂದು ಕೂದಲೂ ಕಿರಿದಾಗಬಾರದು. ತೆರೆಯಲು ಬೇಕಾದ ಒತ್ತಡ ಅತಿ ಕಡಿಮೆ ಇರಬೇಕು. ಗುಂಡು ಮತ್ತು ಸ್ಪ್ರಿಂಗಿನ ಬಗೆಯದು ಪಂಪುಗಳಿಗೆ ಚೆನ್ನ, ಇಲ್ಲಿಗೆ ಭಾರವಾಯಿತು. ಬೇಕಾದದ್ದು ತೆಳುವಾದ ರಬ್ಬರ್ ಪರದೆಯ ಫ್ಲ್ಯಾಪ್ ಬಗೆ. ನಿಕೋಲಾ ಟೆಸ್ಲಾ 1920ರಲ್ಲಿ ಪೇಟೆಂಟ್ ಪಡೆದ ಒಂದು ಏಕಮುಖ ದಾರಿಯಿದೆ; ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ, ಹಿಮ್ಮುಖ ಹರಿವನ್ನು ಸುಳಿಗಳಲ್ಲಿ ಸಿಕ್ಕಿಸಿ ತಡೆಯುತ್ತದೆ. ನನಗೆ ಅದರ ಚಿತ್ರ ನೋಡುವುದೇ ಹಬ್ಬ. ಆದರೆ ಅದು ಹರಿವಿಗೆ ಅಡ್ಡಿ ಮಾಡುತ್ತದೆಯೇ ಹೊರತು ಪೂರ್ತಿ ಮುಚ್ಚುವುದಿಲ್ಲ. ಐಡ್ಲಿಂಗಿನಂಥ ಮಂದ ಹರಿವಿಗೆ ಪ್ರಯೋಜನವಿಲ್ಲ.

ಪರದೆಯ ರಬ್ಬರ್ ಯಾವುದು ಅನ್ನುವುದೂ ಅಷ್ಟೇ ಮುಖ್ಯ. ಟರ್ಬೊ ಹಾದು ಬರುವ ಗಾಳಿಯಲ್ಲಿ ಎಂಜಿನ್ ಆಯಿಲಿನ ಸಣ್ಣ ಮಂಜು ಸದಾ ಇರುತ್ತದೆ, ಬಿಸಿಯೂ ಇರುತ್ತದೆ. ಕೂಲೆಂಟ್ ಹೋಸುಗಳಿಗೆ ಬಳಸುವ ಇಪಿಡಿಎಂ ರಬ್ಬರ್ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಉಬ್ಬಿಹೋಗುತ್ತದೆ. ಫ್ಲೋರೊಸಿಲಿಕೋನ್ ಅಥವಾ ವೈಟಾನ್ ಬಗೆಯದಾದರೆ ಬಾಳುತ್ತದೆ. ನಾನು ತಂದದ್ದು ಅಲ್ಯೂಮಿನಿಯಂ ಮೈಯ, ಫ್ಲೋರೊಸಿಲಿಕೋನ್ ಪರದೆಯದು. ಅಂಗೈಯಲ್ಲಿಟ್ಟು ಒಂದು ಕಡೆಯಿಂದ ಊದಿದರೆ ಪರದೆ ಪುಸಕ್ಕನೆ ಏಳುತ್ತದೆ, ಇನ್ನೊಂದು ಕಡೆಯಿಂದ ಊದಿದರೆ ಕೆನ್ನೆ ಉಬ್ಬುತ್ತದೆಯೇ ಹೊರತು ಉಸಿರು ದಾಟುವುದಿಲ್ಲ.

ಕೂರಿಸುವ ಕೆಲಸ ನಮ್ಮ ಬಡಾವಣೆಯ ಗ್ಯಾರೇಜಿನಲ್ಲಿ ನಡೆಯಿತು. ಬ್ಲೋ-ಆಫ್ ವಾಲ್ವಿನ ತುತ್ತೂರಿಯಂಥ ಬಾಯಿಯನ್ನು ಬಿಚ್ಚಿ, ಅಲ್ಲಿಗೆ ಗಿಡ್ಡನೆಯ ಸಿಲಿಕೋನ್ ಹೋಸು, ಅದರ ತುದಿಗೆ ಚೆಕ್ ವಾಲ್ವ್, ಎರಡೂ ಕಡೆ ಕ್ಲಾಂಪು. ನಡುವಿನ ಹೋಸು ಉದ್ದವಾದಷ್ಟೂ ಗಾಳಿ ತಡವಾಗುತ್ತದೆ, ಅದಕ್ಕೇ ಗಿಡ್ಡ. ಬಾಣ ಹೊರಮುಖ. ಪರದೆಯ ಕೀಲು ಮೇಲ್ಗಡೆ ಬರುವಂತೆ ತಿರುಗಿಸಿದೆವು, ಆಗ ಪರದೆ ಜೋತುಬಿದ್ದು, ಒಳಗಿನ ಎಳೆತಕ್ಕೆ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಬಾಯಿ ಸ್ವಲ್ಪ ಕೆಳಗೆ ವಾಲಿರಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಚಿಮ್ಮಿದ ನೀರು ಪರದೆಯ ಮೇಲೆ ನಿಂತುಬಿಡುತ್ತದೆ. ಕ್ಲಾಂಪು ಬಿಗಿಯುವಾಗ ಗ್ಯಾರೇಜಿನ ಹುಡುಗ ಒಂದು ಸುತ್ತು ಜಾಸ್ತಿ ತಿರುಗಿಸಲು ಹೋದ. ಯಜಮಾನರು ಅವನ ಕೈಹಿಡಿದು, ಹೋಸಿನ ಅಂಚು ಉಬ್ಬಲು ಶುರುವಾದ ಜಾಗ ತೋರಿಸಿ, ಇಲ್ಲಿಗೆ ಸಾಕು ಎಂದರು. ಹತ್ತಾರು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ಮಾತ್ರ ತಿಳಿಯುವ ಬಿಗಿ ಅದು, ಟಾರ್ಕ್ ಪಟ್ಟಿಯಲ್ಲಿ ಇರುವುದಿಲ್ಲ.

ಮುಂದಿನ ಸಲ ಘಾಟಿ ಇಳಿದಾಗ ಬಂಟ್ವಾಳದಲ್ಲೂ ಮುಳ್ಳು ಕದಲಲಿಲ್ಲ. ಪಿಸ್ಟನ್ ಅಲ್ಲಿ ಈಗಲೂ ಏಳುತ್ತದೆ, ಅದರ ಪಾಡಿಗೆ ಅದು ಏಳಲಿ. ಅದರಾಚೆ ಪರದೆ ಕಾಯುತ್ತಿದೆ. ಸದ್ದಿನ ತುದಿ ತುಸು ಮೊಂಡಾಗಿದೆ, ನನಗೆ ಅದೇ ಹೆಚ್ಚು ಹಿತ.

ಚೆಕ್ ವಾಲ್ವ್ ಎಲ್ಲವನ್ನೂ ಸರಿಮಾಡುವುದಿಲ್ಲ. ಏರ್‌ಫ್ಲೋ ಸೆನ್ಸರ್ ಅಳೆದು ಲೆಕ್ಕ ಬರೆದುಕೊಂಡ ಗಾಳಿಯನ್ನು ಕಾಲು ತೆಗೆದಾಗ ಹೊರಗೆ ಚೆಲ್ಲಿದರೆ, ಅದರ ಪಾಲಿನ ಪೆಟ್ರೋಲ್ ಮಾತ್ರ ಎಂಜಿನ್ನಿಗೆ ಹೋಗುತ್ತದೆ. ಒಂದು ಕ್ಷಣ ಮಿಶ್ರಣ ದಪ್ಪವಾಗುತ್ತದೆ, ಕೆಲವೊಮ್ಮೆ ಸೈಲೆನ್ಸರಿನಲ್ಲಿ ಪಟ್ ಅನ್ನುತ್ತದೆ, ಸುಡದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರಿನ ಆಯುಸ್ಸು ತಿನ್ನುತ್ತದೆ. ಅದಕ್ಕೆ ಮದ್ದು ಕಾರ್ಖಾನೆಯವರು ಮಾಡಿದ್ದ ಏರ್ಪಾಡೇ: ಗಾಳಿಯನ್ನು ಕಂಪ್ರೆಸರಿನ ಬಾಯಿಗೆ ಮರಳಿಸುವುದು. ಅಲ್ಲಿ ಬಾಗಿಲು ಐಡ್ಲಿಂಗಿನಲ್ಲಿ ತೆರೆದರೂ ಒಳಗೆ ಬರುವುದು ಅಳೆದ ಗಾಳಿಯೇ, ಚೆಕ್ ವಾಲ್ವಿನ ಅಗತ್ಯವೇ ಬೀಳುವುದಿಲ್ಲ. ಇಂಥ ಸೆನ್ಸರ್ ಇರುವ ಕಾರಿನವರು ಯಾರು ಕೇಳಿದರೂ ನನ್ನ ಮೊದಲ ಸಲಹೆ ಅದು. ಕವಲಿರುವ ಪೈಪೊಂದನ್ನು ನಾನೂ ಹುಡುಕುತ್ತಿದ್ದೇನೆ. ಸಿಗುವವರೆಗೆ ಈ ಪರದೆ.

ಈಚೆಗೆ ಸ್ನೇಹಿತರ ಮಗ ತನ್ನ ಕಾರಿಗೂ ಇದು ಬೇಕೇ ಎಂದು ಕೇಳಿಕೊಂಡು ಬಂದ. ಅವನದ್ದರಲ್ಲಿ ಏರ್‌ಫ್ಲೋ ಸೆನ್ಸರ್ ಇಲ್ಲ. ಮ್ಯಾನಿಫೋಲ್ಡಿನ ಒತ್ತಡ ನೋಡಿಯೇ ಇಸಿಯು ಗಾಳಿಯ ಲೆಕ್ಕ ಹಾಕುತ್ತದೆ. ಯಾವ ದಾರಿಯಲ್ಲಿ ಬಂದರೂ ಗಾಳಿ ಕೊನೆಗೆ ಮ್ಯಾನಿಫೋಲ್ಡಿಗೇ ಬರಬೇಕಾದ್ದರಿಂದ ಲೆಕ್ಕ ತಪ್ಪುವುದಿಲ್ಲ, ಹಂಟಿಂಗ್ ಆಗುವುದಿಲ್ಲ, ಹಾಗಾದರೆ ನನಗೇಕೆ ಎಂಬುದು ಅವನ ವಾದ. ವಾದ ಸರಿಯಾಗಿತ್ತು. ನಾನು ನನ್ನ ಕಾರಿನ ಚೆಕ್ ವಾಲ್ವನ್ನು ಬಿಚ್ಚಿ ಅವನ ಕೈಗೆ ಕೊಟ್ಟೆ. ಪರದೆಯ ಒಳಮೈಯಲ್ಲಿ ಎಣ್ಣೆಯ ತೆಳ್ಳನೆ ಪಸೆ ಬಿಟ್ಟರೆ ಏನಿಲ್ಲ. ಹೊರಮೈಯಲ್ಲಿ ಘಾಟಿಯ ಕೆಂಪು ದೂಳು ಅಂಟಿ ಉಗುರಿನಿಂದ ಕೆರೆಯುವಷ್ಟು ದಪ್ಪಗೆ ಕೂತಿತ್ತು, ನಡುವೆ ಎರಡು ಮರಳಿನ ಹರಳು. ಫಿಲ್ಟರ್ ಕಾಣದ ದೂಳು ಅದು. ಪರದೆ ಇಲ್ಲದಿದ್ದರೆ ಥ್ರಾಟಲ್ ದಾಟಿ ನೇರ ಸಿಲಿಂಡರಿನ ಗೋಡೆಗೆ ಹೋಗಬೇಕಾದ್ದು. ಹುಡುಗ ಬೆರಳಲ್ಲಿ ಅದನ್ನು ಉಜ್ಜಿ ನೋಡಿದ. ನಿನ್ನ ವಾಲ್ವಿನ ಹೊರದಾರಿಯ ಒಳವ್ಯಾಸ ಅಳೆದುಕೊಂಡು ಬಾ, ಅದಕ್ಕಿಂತ ಚಿಕ್ಕದನ್ನು ಯಾರು ಕೊಟ್ಟರೂ ತಗೋಬೇಡ ಎಂದೆ. ಶನಿವಾರ ಜೆ.ಸಿ. ರಸ್ತೆಗೆ ಇಬ್ಬರೂ ಹೋಗುವುದೆಂದು ಮಾತಾಯಿತು.